ಮದ್ದು ಯಾಕೆ ಸೋಲುತ್ತೆ? ಕ್ಯಾನ್ಸರ್‌ನ ಮ್ಯುಟೇಶನ್‌ಗಳು ಮತ್ತು ಎರಡನೇ ಮಾತ್ರೆಯ ರಾಜಕೀಯ

2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಒಂದು ಮಾತ್ರೆಯ ಬಗ್ಗೆ ತೀರ್ಪು ಕೊಟ್ಟಿತು. ಮಾತ್ರೆಯ ಹೆಸರು ಗ್ಲಿವೆಕ್, ಅದರೊಳಗಿನ ಔಷಧ ಇಮ್ಯಾಟಿನಿಬ್. ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿ ಮಾರುತ್ತಿದ್ದ ಈ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಆಗುತ್ತಿತ್ತು. ಅದೇ ಔಷಧವನ್ನು ಭಾರತದ ಕಂಪನಿಗಳು 8ರಿಂದ 10 ಸಾವಿರ ರೂಪಾಯಿಗೆ ಕೊಡುತ್ತಿದ್ದವು. ನೊವಾರ್ಟಿಸ್‌ಗೆ ಪೇಟೆಂಟ್ ಸಿಗುವುದಿಲ್ಲ ಎಂದು ಕೋರ್ಟ್ ಹೇಳಿತು. ರಕ್ತದ ಕ್ಯಾನ್ಸರ್ ಇದ್ದವರ ಮನೆಗಳಲ್ಲಿ ಅಂದು ನೆಮ್ಮದಿ. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಇನ್ನೊಂದು ಮಾತ್ರೆಯ ಅರ್ಜಿ ಪೇಟೆಂಟ್ ಕಚೇರಿಯಲ್ಲಿ ತಿರಸ್ಕೃತವಾಯಿತು. ಅದರ ಹೆಸರು ದಸಾಟಿನಿಬ್. ಇದು ಅಷ್ಟಾಗಿ ಸುದ್ದಿಯಾಗಲಿಲ್ಲ. ಆದರೆ ಈ ಎರಡನೇ ಮಾತ್ರೆ ಬೇಕಾಗುವುದು ಬೇರೆ ಯಾರಿಗೋ ಅಲ್ಲ, ಮೊದಲ ಮಾತ್ರೆ ನುಂಗಿಯೂ ಕಾಯಿಲೆ ಬಗ್ಗದೇ ಹೋದವರಿಗೆ.

ಮೊದಲ ಮಾತ್ರೆ ಯಾಕೆ ಸೋಲುತ್ತೆ? ಆರೋಗ್ಯ ನೀತಿಯ ಬಗ್ಗೆ ಬರೆಯುವಾಗೆಲ್ಲ ಈ ಪ್ರಶ್ನೆಯನ್ನು ಡಾಕ್ಟರುಗಳಿಗೆ ಬಿಟ್ಟು ನಾವು ಬೆಲೆಯ ಬಗ್ಗೆ ಮಾತ್ರ ಮಾತಾಡುತ್ತೇವೆ. ಇವೆರಡನ್ನೂ ಬೇರೆಬೇರೆ ಮಾಡಲು ಬರುವುದಿಲ್ಲ ಎಂಬುದು ನನ್ನ ವಾದ. ಕ್ಯಾನ್ಸರ್ ಜೀವಕೋಶದ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ, ಒಂದು ಮದ್ದನ್ನು ಅಗ್ಗ ಮಾಡಿದರೆ ಯಾಕೆ ಸಾಲದು ಎಂಬುದೂ ಗೊತ್ತಾಗುತ್ತದೆ. ಹಾಗಾಗಿ ವಿಜ್ಞಾನದಿಂದಲೇ ಶುರು ಮಾಡೋಣ.

ಏನಿದು ಮ್ಯುಟೇಶನ್?

ಮ್ಯುಟೇಶನ್ ಅಂದ ತಕ್ಷಣ ನಮ್ಮ ಕಡೆ ನೆನಪಾಗೋದು ತಾಲೂಕು ಕಚೇರಿ. ಜಮೀನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಬದಲಾದರೆ ಅದು ಮ್ಯುಟೇಶನ್. ಜೀವಶಾಸ್ತ್ರದ ಮ್ಯುಟೇಶನ್ ಕೂಡ ದಾಖಲೆಯಲ್ಲಿ ಆಗುವ ಬದಲಾವಣೆಯೇ. ಶಾಲೆಯ ಪಠ್ಯದಲ್ಲಿ ಇದನ್ನು ಉತ್ಪರಿವರ್ತನೆ ಅಂತಾರೆ. ಪಹಣಿಯಲ್ಲಿ ಸರ್ವೆ ನಂಬರಿನ ಒಂದಂಕಿ ತಪ್ಪಾಗಿ ಬಿದ್ದರೆ ಏನಾಗುತ್ತೆ ಅಂತ ಯಾವ ರೈತರನ್ನಾದರೂ ಕೇಳಿ. ಆಮೇಲೆ ತೆಗೆಯುವ ಪ್ರತಿಯೊಂದು ನಕಲೂ ಅದೇ ತಪ್ಪನ್ನು ಹೊತ್ತುಕೊಂಡೇ ಬರುತ್ತೆ.

ನಮ್ಮ ದೇಹದ ದಾಖಲೆ ಡಿಎನ್‌ಎ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ, ಸುಮಾರು 300 ಕೋಟಿ ಅಕ್ಷರಗಳ ಬರಹ. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಈ ಬರಹದಲ್ಲಿ ಪ್ರೋಟೀನ್ ತಯಾರಿಸುವ ಸೂಚನೆ ಇರುವ ಭಾಗಗಳನ್ನು ಜೀನ್ ಅಥವಾ ವಂಶವಾಹಿ ಎನ್ನುತ್ತೇವೆ. ಅಂಥವು ಸುಮಾರು 20 ಸಾವಿರ ಇವೆ. ಒಂದು ಜೀವಕೋಶ ಎರಡಾಗುವಾಗ ಇಡೀ ಬರಹವನ್ನು ನಕಲು ಮಾಡಬೇಕು. ತಪ್ಪು ತಿದ್ದುವ ವ್ಯವಸ್ಥೆಯೂ ಕೋಶದೊಳಗೇ ಇದೆ. ಆದರೂ ಅಲ್ಲೊಂದು ಇಲ್ಲೊಂದು ತಪ್ಪು ಉಳಿಯುತ್ತದೆ.

ತಪ್ಪುಗಳಲ್ಲೂ ಬಗೆಗಳಿವೆ. ಒಂದಕ್ಷರ ಬದಲಾಗಬಹುದು. ಒಂದು ಸಾಲೇ ಅಳಿಸಿಹೋಗಬಹುದು. ಒಂದೇ ಜೀನ್ ಹತ್ತಾರು ಪ್ರತಿಯಾಗಬಹುದು. ಒಂದು ವರ್ಣತಂತುವಿನ ತುಂಡು ಕಿತ್ತು ಇನ್ನೊಂದಕ್ಕೆ ಅಂಟಿಕೊಳ್ಳಬಹುದು. ಬಹುಪಾಲು ತಪ್ಪುಗಳಿಂದ ಏನೂ ಆಗುವುದಿಲ್ಲ. ಕೆಲವೇ ಜಾಗಗಳಲ್ಲಿ ಬಿದ್ದ ತಪ್ಪು ಮಾತ್ರ ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ.

ತೂಬು ಮತ್ತು ನೀರುಗಂಟಿ

ಆ ಜಾಗಗಳು ಯಾವುವು? ಊರ ಕೆರೆಯನ್ನು ನೆನಪಿಸಿಕೊಳ್ಳಿ. ಗದ್ದೆಗೆ ನೀರು ಬೇಕಾದಾಗ ತೂಬು ಎತ್ತಬೇಕು, ಸಾಕಾದಾಗ ಇಳಿಸಬೇಕು. ಯಾವಾಗ ಎತ್ತೋದು, ಯಾವಾಗ ಇಳಿಸೋದು ಅಂತ ನೋಡಿಕೊಳ್ಳಲು ನೀರುಗಂಟಿ ಇರುತ್ತಾನೆ.

ಜೀವಕೋಶ ಬೆಳೆದು ಎರಡಾಗಲು ಹೇಳುವ ಜೀನ್‌ಗಳು ತೂಬಿನ ಹಾಗೆ. ಗಾಯವಾದಾಗ, ಮಗು ಬೆಳೆಯುವಾಗ ಅವು ತೆರೆದುಕೊಳ್ಳಬೇಕು, ಕೆಲಸ ಮುಗಿದ ಮೇಲೆ ಮುಚ್ಚಿಕೊಳ್ಳಬೇಕು. ಮ್ಯುಟೇಶನ್‌ನಿಂದ ತೂಬು ತೆರೆದೇ ಉಳಿದರೆ ಕೋಶ ಎರಡಾಗುತ್ತಲೇ ಹೋಗುತ್ತದೆ. ಹೀಗೆ ಕೆಟ್ಟ ಜೀನ್‌ಗೆ ಆಂಕೋಜೀನ್ ಎನ್ನುತ್ತಾರೆ. 1982ರಲ್ಲಿ ಅಮೆರಿಕದ ಪ್ರಯೋಗಾಲಯಗಳು ಮೂತ್ರಕೋಶದ ಕ್ಯಾನ್ಸರ್ ಕೋಶಗಳಲ್ಲಿ ರಾಸ್ ಎಂಬ ಜೀನನ್ನು ಓದಿ ನೋಡಿದವು. ಆರೋಗ್ಯವಂತ ಜೀನಿಗೂ ಕ್ಯಾನ್ಸರ್ ಜೀನಿಗೂ ಇದ್ದ ವ್ಯತ್ಯಾಸ ಒಂದೇ ಅಕ್ಷರ: ಜಿ ಇರಬೇಕಾದಲ್ಲಿ ಟಿ ಇತ್ತು.

ನೀರುಗಂಟಿಯ ಕೆಲಸ ಮಾಡುವ ಜೀನ್‌ಗಳು ಬೇರೆ. ಡಿಎನ್‌ಎಗೆ ಪೆಟ್ಟು ಬಿದ್ದರೆ ವಿಭಜನೆ ನಿಲ್ಲಿಸುವುದು, ರಿಪೇರಿಗೆ ಹೇಳುವುದು, ರಿಪೇರಿ ಆಗದಿದ್ದರೆ ಆ ಕೋಶ ತಾನಾಗಿ ಸಾಯುವಂತೆ ಮಾಡುವುದು ಇವುಗಳ ಕೆಲಸ. ಇವುಗಳಲ್ಲಿ ಹೆಸರುವಾಸಿಯಾದದ್ದು ಟಿಪಿ53. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಒಂದು ಜೀನ್ ಕೆಟ್ಟಿರುತ್ತದೆ. ಸಾಮಾನ್ಯವಾಗಿ ಒಂದು ತಪ್ಪಿನಿಂದ ಕ್ಯಾನ್ಸರ್ ಆಗುವುದಿಲ್ಲ. ತೂಬು ಕೆಡಬೇಕು, ನೀರುಗಂಟಿಯೂ ಇಲ್ಲವಾಗಬೇಕು, ಮೇಲಿಂದ ಇನ್ನೊಂದೆರಡು ತಪ್ಪು ಸೇರಬೇಕು. ಇದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ವಯಸ್ಸಾದಂತೆ ಕ್ಯಾನ್ಸರ್ ಹೆಚ್ಚುವುದು ಇದೇ ಕಾರಣಕ್ಕೆ.

ಕರ್ಮವೂ ಅಲ್ಲ, ಬರೀ ವಂಶವೂ ಅಲ್ಲ

ನಮ್ಮಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಕ್ಯಾನ್ಸರ್ ಅಂದರೆ ಯಾವುದೋ ಜನ್ಮದ ಪಾಪ. ಇನ್ನು ಕೆಲವರಿಗೆ ಅದು ಆ ಮನೆತನದಲ್ಲೇ ಇರುವ ದೋಷ. ಹಾಗಾಗಿ ಮಗಳ ಮದುವೆ ಆಗುವ ತನಕ ತಾಯಿಯ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಇವೆರಡಕ್ಕೂ ಉತ್ತರ ಮ್ಯುಟೇಶನ್ ವಿಜ್ಞಾನದಲ್ಲಿದೆ. ಹುಟ್ಟಿನಿಂದ ಬಂದ ಮ್ಯುಟೇಶನ್‌ಗಳಿಂದ ಆಗುವ ಕ್ಯಾನ್ಸರ್ ಒಟ್ಟು ಕ್ಯಾನ್ಸರ್‌ಗಳಲ್ಲಿ ಶೇ. 5ರಿಂದ 10ರಷ್ಟು ಮಾತ್ರ. ಬಿಆರ್‌ಸಿಎ ಜೀನ್‌ಗೆ ಸಂಬಂಧಿಸಿದ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಈ ಗುಂಪಿನವು. ಉಳಿದವೆಲ್ಲ ಬದುಕಿನ ಅವಧಿಯಲ್ಲಿ ದೇಹದ ಯಾವುದೋ ಒಂದು ಕೋಶದಲ್ಲಿ ಆದ ತಪ್ಪುಗಳು. ಅವು ಮಕ್ಕಳಿಗೆ ಹೋಗುವುದಿಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ.

ಈ ತಪ್ಪುಗಳಲ್ಲಿ ಒಂದಷ್ಟು ಬರೀ ನಕಲಿನ ತಪ್ಪು, ಯಾರ ಕೈಯಲ್ಲೂ ಇಲ್ಲ. ಆದರೆ ಒಂದಷ್ಟಕ್ಕೆ ಹೊರಗಿನ ಕಾರಣಗಳಿವೆ. ತಂಬಾಕಿನ ರಾಸಾಯನಿಕಗಳು ಡಿಎನ್‌ಎಗೆ ನೇರವಾಗಿ ಪೆಟ್ಟು ಕೊಡುತ್ತವೆ. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾದ ಎಚ್‌ಪಿವಿ ವೈರಸ್ ಟಿಪಿ53ರ ಪ್ರೋಟೀನನ್ನೇ ನಾಶ ಮಾಡಿಸುತ್ತದೆ, ಅಂದ್ರೆ ನೀರುಗಂಟಿಯನ್ನೇ ಇಲ್ಲವಾಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ ಎರಡು ದಶಕಗಳಾದವು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಈ ಮಾತನ್ನು ಯಾವ ಪಕ್ಷವೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿದ್ದರೂ ಮ್ಯುಟೇಶನ್ ನಿಲ್ಲುವುದಿಲ್ಲ.

ಒಂದೇ ತಪ್ಪಿನ ಕ್ಯಾನ್ಸರ್

ಈಗ ಮೊದಲು ಹೇಳಿದ ಮಾತ್ರೆಗೆ ಬರೋಣ. ಗ್ಲಿವೆಕ್ ಕೊಡುವುದು ಮುಖ್ಯವಾಗಿ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದ್ರೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್‌ಗೆ. ಮೂಳೆಯೊಳಗಿನ ಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಮಿತಿಮೀರಿ ಹುಟ್ಟುವ ಕಾಯಿಲೆ ಇದು. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಇದು ಇನ್ನೂ ಕಡಿಮೆ ವಯಸ್ಸಿನವರಲ್ಲಿ, ದುಡಿಯುವ ವಯಸ್ಸಿನವರಲ್ಲೇ ಹೆಚ್ಚು ಕಾಣಿಸಿಕೊಳ್ಳುತ್ತದೆ.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬ ಇಬ್ಬರು ಈ ರೋಗಿಗಳ ಕೋಶಗಳಲ್ಲಿ ಒಂದು ವಿಚಿತ್ರವಾದ ಗಿಡ್ಡ ವರ್ಣತಂತುವನ್ನು ಕಂಡರು. ಅದಕ್ಕೆ ಊರಿನ ಹೆಸರೇ ಅಂಟಿಕೊಂಡು ಫಿಲಡೆಲ್ಫಿಯಾ ವರ್ಣತಂತು ಎಂದಾಯಿತು. ಅದು ಯಾಕೆ ಗಿಡ್ಡ ಅಂತ 1973ರಲ್ಲಿ ತೋರಿಸಿದ್ದು ಷಿಕಾಗೊದ ಜಾನೆಟ್ ರೌಲಿ. ವರ್ಣತಂತುಗಳ ಫೋಟೋಗಳನ್ನು ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಜೋಡಿಸಿ ನೋಡುತ್ತಿದ್ದ ಆಕೆಗೆ, 22ನೇ ವರ್ಣತಂತುವಿನ ತುಂಡು 9ನೆಯದಕ್ಕೂ, 9ರ ತುಂಡು 22ಕ್ಕೂ ಅದಲುಬದಲಾಗಿರುವುದು ಕಂಡಿತು.

ಈ ಅದಲುಬದಲಿನಲ್ಲಿ ಬಿಸಿಆರ್ ಎಂಬ ಜೀನ್ ಮತ್ತು ಎಬಿಎಲ್ ಎಂಬ ಜೀನ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಬಿಎಲ್ ತಯಾರಿಸುವುದು ಕೈನೇಸ್ ಎಂಬ ಬಗೆಯ ಕಿಣ್ವವನ್ನು. ಎಟಿಪಿ ಎಂಬ ಇಂಧನದಿಂದ ಒಂದು ತುಣುಕು ತೆಗೆದು ಇನ್ನೊಂದು ಪ್ರೋಟೀನ್‌ಗೆ ಅಂಟಿಸಿ, ‘ಬೆಳೆ’ ಎಂಬ ಸಂದೇಶ ದಾಟಿಸುವುದು ಇದರ ಕೆಲಸ. ಆರೋಗ್ಯವಂತ ಕೋಶದಲ್ಲಿ ಈ ಸಂದೇಶ ಬೇಕಾದಾಗ ಮಾತ್ರ ಹೋಗುತ್ತದೆ. ಬಿಸಿಆರ್ ಅಂಟಿಕೊಂಡ ಮೇಲೆ ಅದಕ್ಕೆ ಬಿಡುವೇ ಇಲ್ಲ. ಎಷ್ಟೋ ಕ್ಯಾನ್ಸರ್‌ಗಳಿಗೆ ಹಲವು ತಪ್ಪುಗಳು ಬೇಕು ಅಂದೆನಲ್ಲ, ಸಿಎಂಎಲ್‌ನ ಆರಂಭದ ಹಂತಕ್ಕೆ ಬಹುಮಟ್ಟಿಗೆ ಈ ಒಂದೇ ತಪ್ಪು ಸಾಕು.

ಹಾಗಾದರೆ ಆ ಒಂದು ಕಿಣ್ವವನ್ನು ತಡೆದರೆ? ಇಮ್ಯಾಟಿನಿಬ್ ಮಾಡುವುದು ಅದನ್ನೇ. ಎಟಿಪಿ ಬಂದು ಕೂರಬೇಕಾದ ಗೂಡಿನಲ್ಲಿ ತಾನು ಹೋಗಿ ಕೂರುತ್ತದೆ. ಇಂಧನಕ್ಕೆ ಜಾಗವಿಲ್ಲ, ಸಂದೇಶ ಹೋಗುವುದಿಲ್ಲ. ಅಮೆರಿಕದ ವೈದ್ಯ ಬ್ರಯಾನ್ ಡ್ರುಕರ್ 1998ರಲ್ಲಿ ಇದನ್ನು ರೋಗಿಗಳಿಗೆ ಕೊಟ್ಟು ನೋಡಲು ಶುರು ಮಾಡಿದರು. ದಿನಕ್ಕೆ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡ 54 ರೋಗಿಗಳಲ್ಲಿ 53 ಜನರ ರಕ್ತದ ಎಣಿಕೆ ಸರಿಯಾಯಿತು. 2001ರ ಮೇನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮುಂಚೆ ಸಿಎಂಎಲ್ ಬಂದವರು ಬದುಕುತ್ತಿದ್ದುದು ಹೆಚ್ಚುಕಡಿಮೆ ಮೂರರಿಂದ ಐದು ವರ್ಷ. ಇಮ್ಯಾಟಿನಿಬ್‌ನಿಂದ ಚಿಕಿತ್ಸೆ ಶುರು ಮಾಡಿದವರನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಶೇ. 83ರಷ್ಟು ಜನ ಬದುಕಿದ್ದರು.

ಮದ್ದು ಬರುವ ಮೊದಲೇ ಕೂತಿದ್ದ ಎದುರಾಳಿ

ಆದರೆ ಎಲ್ಲರ ಕಥೆಯೂ ಹಾಗೆ ಮುಗಿಯಲಿಲ್ಲ. ಕಾಯಿಲೆ ಮುಂದುವರಿದ ಹಂತಕ್ಕೆ ಹೋಗಿದ್ದ ಹಲವರಲ್ಲಿ ಮದ್ದು ಮೊದಲು ಕೆಲಸ ಮಾಡಿ, ಕೆಲವೇ ತಿಂಗಳಲ್ಲಿ ಸೋತಿತು. ಇಮ್ಯಾಟಿನಿಬ್ ಮಾರುಕಟ್ಟೆಗೆ ಬಂದ 2001ರಲ್ಲೇ ಚಾರ್ಲ್ಸ್ ಸಾಯರ್ಸ್ ಅವರ ತಂಡ ಕಾರಣ ಪ್ರಕಟಿಸಿತು. ಹೀಗೆ ಮದ್ದು ಸೋತ 9 ರೋಗಿಗಳ ಎಬಿಎಲ್ ಜೀನ್ ಓದಿದಾಗ 6 ಜನರಲ್ಲಿ ಒಂದೇ ತಪ್ಪು, ಒಂದೇ ಜಾಗದಲ್ಲಿ. ಎಸಿಟಿ ಎಂದಿರಬೇಕಾದ ಮೂರಕ್ಷರ ಎಟಿಟಿ ಆಗಿತ್ತು. ಅದರಿಂದ ಪ್ರೋಟೀನ್ ಸರಪಳಿಯ 315ನೇ ಸ್ಥಾನದಲ್ಲಿ ಥ್ರಿಯೊನಿನ್ ಬದಲು ಐಸೊಲ್ಯುಸಿನ್ ಎಂಬ ಅಮಿನೊ ಆಮ್ಲ ಬಂದು ಕೂತಿತ್ತು. ವೈದ್ಯರು ಇದನ್ನು ಟಿ315ಐ ಎಂದು ಕರೆಯುತ್ತಾರೆ.

ಇಷ್ಟರಿಂದ ಏನಾಯಿತು? ಥ್ರಿಯೊನಿನ್ ಇರುವುದು ಆ ಗೂಡಿನ ಬಾಗಿಲಲ್ಲಿ. ಇಮ್ಯಾಟಿನಿಬ್ ಒಳಗೆ ಗಟ್ಟಿಯಾಗಿ ಕೂರಲು ಇದರ ಕೈ ಹಿಡಿದುಕೊಳ್ಳುತ್ತದೆ. ಐಸೊಲ್ಯುಸಿನ್ ದಪ್ಪ, ಹಿಡಿದುಕೊಳ್ಳಲು ಕೈಯೂ ಕೊಡುವುದಿಲ್ಲ. ಹಾಗಾಗಿ ಮದ್ದಿಗೆ ಜಾಗ ಇಲ್ಲ, ಆದರೆ ಎಟಿಪಿಗೆ ಏನೂ ತೊಂದರೆ ಇಲ್ಲ. ಕಿಣ್ವ ಮತ್ತೆ ಚಾಲೂ.

ಈ ತಪ್ಪು ಯಾವಾಗ ಹುಟ್ಟಿತು? ಮದ್ದು ಕೊಟ್ಟಿದ್ದಕ್ಕೇ ಕ್ಯಾನ್ಸರ್ ಕೆರಳಿತು ಅಂತ ನಮ್ಮಲ್ಲಿ ಹಲವರು ಹೇಳುತ್ತಾರೆ. ಇದು ನಿಜವಲ್ಲ ಎಂದು ಅರ್ಥ ಮಾಡಿಕೊಳ್ಳಲು ಹತ್ತಿ ಹೊಲಕ್ಕೆ ಹೋಗಿ ಬರೋಣ. ಬಿಟಿ ಹತ್ತಿಯ ಗಿಡದಲ್ಲೇ ಹುಳು ಕೊಲ್ಲುವ ಪ್ರೋಟೀನ್ ಇದೆ ಎಂದು ಬೀಜ ಮಾರಿದರು. ಕೆಲವು ವರ್ಷ ಹುಳು ಸತ್ತವು ಕೂಡ. ಆಮೇಲೆ ಗುಲಾಬಿ ಕಾಯಿಕೊರಕ ವಾಪಸ್ ಬಂತು. ಹುಳುಗಳು ಪಾಠ ಕಲಿತವಾ? ಇಲ್ಲ. ಲಕ್ಷಾಂತರ ಹುಳುಗಳಲ್ಲಿ ಆ ಪ್ರೋಟೀನ್ ತಾಗದಂಥ ಕೆಲವೇ ಕೆಲವು ಮೊದಲೇ ಇದ್ದವು. ಉಳಿದವು ಸತ್ತಾಗ ಹೊಲವೆಲ್ಲ ಇವುಗಳದ್ದಾಯಿತು, ಇವುಗಳ ಮರಿಗಳೇ ತುಂಬಿದವು.

ಕ್ಯಾನ್ಸರ್ ಗೆಡ್ಡೆಯಲ್ಲೂ ಇದೇ ಆಗುತ್ತದೆ. ಫಿಲಡೆಲ್ಫಿಯಾ ವರ್ಣತಂತು ಕಂಡ ಅದೇ ಪೀಟರ್ ನೊವೆಲ್ 1976ರಲ್ಲಿ ಇದನ್ನು ಸ್ಪಷ್ಟವಾಗಿ ಬರೆದರು: ಕ್ಯಾನ್ಸರ್ ಒಂದೇ ಕೋಶದಿಂದ ಶುರುವಾದರೂ, ಬೆಳೆಯುತ್ತಾ ಬೆಳೆಯುತ್ತಾ ಬೇರೆಬೇರೆ ಮ್ಯುಟೇಶನ್ ಇರುವ ಕೋಶಗಳ ಗುಂಪುಗಳಾಗುತ್ತದೆ, ಅವುಗಳಲ್ಲಿ ಉಳಿಯಬಲ್ಲವು ಉಳಿಯುತ್ತವೆ. ಡಾರ್ವಿನ್ ಹೇಳಿದ ವಿಕಾಸ ಒಬ್ಬ ಮನುಷ್ಯನ ದೇಹದೊಳಗೇ, ಕೆಲವೇ ವರ್ಷಗಳಲ್ಲಿ ನಡೆದುಹೋಗುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಸಲ ನಕಲಾಗುವಾಗ ಡಿಎನ್‌ಎಯ ಒಂದು ನಿರ್ದಿಷ್ಟ ಅಕ್ಷರ ತಪ್ಪಾಗಿ ಉಳಿಯುವ ಸಾಧ್ಯತೆ ಸ್ಥೂಲವಾಗಿ ನೂರು ಕೋಟಿಗೆ ಒಂದು ಎಂದುಕೊಳ್ಳಿ. ಒಂದು ಸೆಂಟಿಮೀಟರ್ ಗಾತ್ರದ ಗೆಡ್ಡೆಯಲ್ಲಿ ಹತ್ತು ಕೋಟಿಯಿಂದ ನೂರು ಕೋಟಿಯಷ್ಟು ಕೋಶಗಳಿರುತ್ತವೆ. ಅಂದ್ರೆ ಯಾವ ಅಕ್ಷರವನ್ನೇ ತೆಗೆದುಕೊಂಡರೂ, ಅದು ತಪ್ಪಾಗಿರುವ ಒಂದು ಕೋಶವಾದರೂ ಆ ಗೆಡ್ಡೆಯಲ್ಲಿ ಇರಬಹುದು. ಕಾಯಿಲೆ ಪತ್ತೆಯಾಗುವ ಹೊತ್ತಿಗೇ, ಇನ್ನೂ ಬರೆಯದ ಚೀಟಿಯ ಮದ್ದಿಗೆ ಬಗ್ಗದ ಕೋಶ ಒಳಗೆ ಕೂತಿರುತ್ತದೆ. ಕೆಲವು ಕೀಮೋ ಮದ್ದುಗಳು ತಾವೇ ಡಿಎನ್‌ಎಗೆ ಪೆಟ್ಟು ಕೊಟ್ಟು ಹೊಸ ತಪ್ಪುಗಳಿಗೂ ಕಾರಣವಾಗುತ್ತವೆ, ಅದು ನಿಜ. ಆದರೆ ಇಮ್ಯಾಟಿನಿಬ್‌ನಂಥ ಮದ್ದು ಮುಖ್ಯವಾಗಿ ಮಾಡುವುದು ಆಯ್ಕೆ. ಅದು ಬಗ್ಗದ ಕೋಶವನ್ನು ಹುಟ್ಟಿಸುವುದಿಲ್ಲ, ಅದರ ಸುತ್ತಲಿನ ಪೈಪೋಟಿಯನ್ನು ತೆಗೆದುಹಾಕುತ್ತದೆ.

ಇದು ಅರ್ಥವಾದರೆ ಎರಡು ಆರೋಪಗಳು ಬಿದ್ದುಹೋಗುತ್ತವೆ. ಮದ್ದು ಸೋತಿತು ಅಂದರೆ ರೋಗಿ ಪಥ್ಯ ಮಾಡಲಿಲ್ಲ, ಧೈರ್ಯ ಸಾಲದಾಯಿತು ಅಂತಲ್ಲ. ಡಾಕ್ಟರು ಮೋಸ ಮಾಡಿದರು ಅಂತಲೂ ಅಲ್ಲ.

ಬಾಗಿಲು ಒಂದೇ ಅಲ್ಲ

ಟಿ315ಐ ಒಂದು ದಾರಿ ಮಾತ್ರ. ಸಿಎಂಎಲ್ ರೋಗಿಗಳಲ್ಲಿ ಈ ಕಿಣ್ವದ 50ಕ್ಕೂ ಹೆಚ್ಚು ಜಾಗಗಳಲ್ಲಿ ಮದ್ದಿಗೆ ಅಡ್ಡಿಯಾಗುವ ತಪ್ಪುಗಳು ಸಿಕ್ಕಿವೆ. ಕೆಲವು ಕೋಶಗಳು ಬಿಸಿಆರ್-ಎಬಿಎಲ್ ಜೀನನ್ನೇ ಹಲವು ಪ್ರತಿ ಮಾಡಿಕೊಂಡು, ಮದ್ದು ತಡೆಯಲಾಗದಷ್ಟು ಕಿಣ್ವ ತಯಾರಿಸುತ್ತವೆ. ಕೆಲವು ಮದ್ದನ್ನೇ ಹೊರಗೆ ಪಂಪ್ ಮಾಡುತ್ತವೆ. ಕೆಲವು ಈ ಸಂದೇಶದ ದಾರಿ ಬಿಟ್ಟು ಬಳಸುದಾರಿ ಹಿಡಿಯುತ್ತವೆ. ಇನ್ನು ಕೆಲವು ವಿಭಜನೆಯನ್ನೇ ನಿಲ್ಲಿಸಿ, ಮದ್ದಿನ ಹೊಡೆತ ಮುಗಿಯುವ ತನಕ ಸುಮ್ಮನೆ ಕೂತಿರುತ್ತವೆ.

ಇದು ರಕ್ತದ ಕ್ಯಾನ್ಸರ್‌ಗೆ ಮಾತ್ರ ಸೀಮಿತವೂ ಅಲ್ಲ. ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರ್‌ಗೆ ಇಜಿಎಫ್ಆರ್ ಎಂಬ ಜೀನ್‌ನ ಮ್ಯುಟೇಶನ್ ಕಾರಣ. ಏಷ್ಯಾದ ಜನರಲ್ಲಿ, ಸಿಗರೇಟ್ ಮುಟ್ಟದವರಲ್ಲಿ ಇದು ಹೆಚ್ಚು. ಇದಕ್ಕೆ ಜೆಫಿಟಿನಿಬ್, ಎರ್ಲೊಟಿನಿಬ್ ಎಂಬ ಮಾತ್ರೆಗಳು ಬಂದವು. ಇವು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಸೋಲುತ್ತವೆ. ಹಾಗೆ ಸೋತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಸಿಕ್ಕ ತಪ್ಪಿನ ಹೆಸರು ಟಿ790ಎಂ. ಇಲ್ಲೂ ಗೂಡಿನ ಬಾಗಿಲಲ್ಲಿರುವ ಥ್ರಿಯೊನಿನ್ನೇ ಬದಲಾಗಿರುವುದು, ಸಿಎಂಎಲ್‌ನಲ್ಲಿ ಆದ ಜಾಗಕ್ಕೆ ಸರಿಸಮನಾದ ಜಾಗದಲ್ಲಿ. ಅದಕ್ಕೆಂದೇ 2015ರಲ್ಲಿ ಓಸಿಮರ್ಟಿನಿಬ್ ಬಂತು. ಅದೇ ವರ್ಷ ಅದಕ್ಕೂ ಬಗ್ಗದ ಸಿ797ಎಸ್ ಎಂಬ ಇನ್ನೊಂದು ಮ್ಯುಟೇಶನ್ ವರದಿಯಾಯಿತು.

ಸಿಎಂಎಲ್‌ನಲ್ಲೂ ಇದೇ ಸಾಲು. 2006ರಲ್ಲಿ ದಸಾಟಿನಿಬ್, 2007ರಲ್ಲಿ ನಿಲೋಟಿನಿಬ್. ಇಮ್ಯಾಟಿನಿಬ್ ಸೋಲಿಸಿದ ಬಹುತೇಕ ಮ್ಯುಟೇಶನ್‌ಗಳನ್ನು ಇವು ತಡೆಯುತ್ತವೆ, ಟಿ315ಐ ಒಂದನ್ನು ಬಿಟ್ಟು. ಅದನ್ನೂ ತಡೆಯುವ ಪೊನಾಟಿನಿಬ್ 2012ರಲ್ಲಿ ಬಂತು, ಆದರೆ ರಕ್ತನಾಳ ಕಟ್ಟಿಕೊಳ್ಳುವ ಅಪಾಯವನ್ನೂ ತಂದಿತು. 2021ರಲ್ಲಿ ಬಂದ ಅಸಿಮಿನಿಬ್ ಎಟಿಪಿಯ ಗೂಡಿಗೇ ಹೋಗುವುದಿಲ್ಲ, ಕಿಣ್ವದ ಇನ್ನೊಂದು ಸಂದಿಯಲ್ಲಿ ಕೂತು ಕೆಲಸ ಮಾಡುತ್ತದೆ.

ಗಮನಿಸಿ, ಇಲ್ಲಿ ‘ಕ್ಯಾನ್ಸರ್‌ಗೆ ಮದ್ದು’ ಎಂಬ ಒಂದು ವಸ್ತು ಇಲ್ಲ. ಇರುವುದು ಮದ್ದುಗಳ ಒಂದು ಸಾಲು. ಒಂದು ಸೋತಾಗ ಇನ್ನೊಂದು ಕೈಗೆ ಸಿಗಬೇಕು, ಅದೂ ತಡವಾಗದೆ.

ಮೊದಲ ಮಾತ್ರೆ ಗೆದ್ದಿತು, ಎರಡನೆಯದು?

ಈಗ 2013ರ ಆ ಎರಡು ತೀರ್ಮಾನಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಭಾರತದ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ) ಹೇಳುವುದು ಇಷ್ಟು: ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ, ಅದರಿಂದ ಗುಣ ಹೆಚ್ಚಾಗಿದೆ ಎಂದು ತೋರಿಸಬೇಕು. ನೊವಾರ್ಟಿಸ್ ಕೇಳಿದ್ದು ಇಮ್ಯಾಟಿನಿಬ್ ಮೆಸಿಲೇಟ್‌ನ ಒಂದು ಹರಳಿನ ರೂಪಕ್ಕೆ. ಅದು ದೇಹಕ್ಕೆ ಶೇ. 30ರಷ್ಟು ಹೆಚ್ಚು ಹಿಡಿಯುತ್ತದೆ ಎಂಬುದು ಕಂಪನಿಯ ವಾದ. ಹಾಗೆ ಹಿಡಿದಿದ್ದರಿಂದ ಕಾಯಿಲೆ ಹೆಚ್ಚು ವಾಸಿಯಾಗುತ್ತದೆ ಎಂಬುದಕ್ಕೆ ಆಧಾರ ಎಲ್ಲಿ ಎಂದು ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಕೇಳಿದರು. ಅರ್ಜಿ ಬಿತ್ತು. ಬಹುತೇಕ ಭಾರತೀಯ ರೋಗಿಗಳಿಗೆ ನಾವು ಗ್ಲಿವೆಕ್ ಉಚಿತವಾಗಿಯೇ ಕೊಡುತ್ತಿದ್ದೇವೆ ಎಂದೂ ಕಂಪನಿ ಹೇಳಿಕೊಂಡಿತ್ತು. ಉಚಿತ ವಿತರಣೆಯಿಂದ ಜೀವ ಉಳಿದಿವೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಯಾರಿಗೆ ಎಷ್ಟು ದಿನ ಕೊಡಬೇಕು ಅಂತ ಕೊಡುವವರೇ ತೀರ್ಮಾನಿಸುವ ಕಡೆ ಅದು ದಾನ, ಹಕ್ಕಲ್ಲ.

ಈ ಗೆಲುವಿನ ಹಿಂದೆ ಇನ್ನೊಂದು ಸಂಗತಿ ಇದೆ, ಅದನ್ನು ನಾವು ಹೆಚ್ಚು ಚರ್ಚಿಸುವುದಿಲ್ಲ. ಇಮ್ಯಾಟಿನಿಬ್‌ನ ಮೂಲ ಅಣು ಸಿದ್ಧವಾಗಿದ್ದು 1990ರ ದಶಕದ ಆರಂಭದಲ್ಲಿ. 1970ರ ಕಾಯ್ದೆಯಂತೆ ಆಗ ಭಾರತದಲ್ಲಿ ಔಷಧದ ಅಣುವಿಗೇ ಪೇಟೆಂಟ್ ಕೊಡುತ್ತಿರಲಿಲ್ಲ. ಹಾಗಾಗಿ ಕಂಪನಿಯ ಕೈಯಲ್ಲಿ ಉಳ್ಕೊಂಡಿದ್ದು ಹರಳಿನ ರೂಪ ಮಾತ್ರ. 1995ರಲ್ಲಿ ಟ್ರಿಪ್ಸ್ ಒಪ್ಪಂದ ಬಂತು, 2005ರಲ್ಲಿ ಭಾರತ ಕಾಯ್ದೆ ಬದಲಿಸಿತು. ಅದರ ನಂತರ ಹೊಸ ಅಣುಗಳಿಗೆ 20 ವರ್ಷದ ಪೇಟೆಂಟ್ ಸಿಗುತ್ತದೆ. ದಸಾಟಿನಿಬ್ ಹೊಸ ಅಣು. ಅದರ ಮುಂದೆ ಸೆಕ್ಷನ್ 3(ಡಿ) ಕೆಲಸಕ್ಕೆ ಬರುವುದಿಲ್ಲ.

ಉಳಿದ ದಾರಿ ಕಡ್ಡಾಯ ಪರವಾನಗಿ. ಪೇಟೆಂಟ್ ಇದ್ದರೂ, ಜನರಿಗೆ ಕೈಗೆಟುಕುವ ಬೆಲೆಗೆ ಸಿಗದಿದ್ದರೆ ಬೇರೆ ಕಂಪನಿಗೆ ತಯಾರಿಸಲು ಅನುಮತಿ ಕೊಡಬಹುದು. 2012ರ ಮಾರ್ಚ್‌ನಲ್ಲಿ ಸೊರಾಫೆನಿಬ್ ಎಂಬ ಕ್ಯಾನ್ಸರ್ ಮದ್ದಿಗೆ ಹೀಗೆ ಅನುಮತಿ ಸಿಕ್ಕಿ, ತಿಂಗಳ ಬೆಲೆ ಸುಮಾರು 2.8 ಲಕ್ಷದಿಂದ 8,880 ರೂಪಾಯಿಗೆ ಇಳಿದಿತ್ತು. ಆದರೆ ದಸಾಟಿನಿಬ್‌ನ ವಿಷಯದಲ್ಲಿ ಹಾಗಾಗಲಿಲ್ಲ. ಆಗ ಅದಕ್ಕೆ ತಿಂಗಳಿಗೆ ಸುಮಾರು 1.65 ಲಕ್ಷ. ಬಿಡಿಆರ್ ಎಂಬ ಭಾರತೀಯ ಕಂಪನಿ ಸುಮಾರು 8,100ಕ್ಕೆ ಕೊಡುತ್ತೇನೆ ಎಂದು ಅರ್ಜಿ ಹಾಕಿತು. ಪೇಟೆಂಟ್ ಇರುವ ಕಂಪನಿಯ ಜೊತೆ ಮೊದಲು ಸರಿಯಾಗಿ ಮಾತುಕತೆ ನಡೆಸಿಲ್ಲ ಎಂಬ ಕಾರಣಕ್ಕೆ ಅಕ್ಟೋಬರ್‌ನಲ್ಲಿ ಅದು ತಿರಸ್ಕೃತವಾಯಿತು. ಸರ್ಕಾರವೇ ಮುಂದಾಗಿ ಈ ಮದ್ದಿಗೆ ಕಡ್ಡಾಯ ಪರವಾನಗಿ ಕೊಡಬೇಕು ಎಂದು ಆರೋಗ್ಯ ಸಚಿವಾಲಯ ಶಿಫಾರಸು ಮಾಡಿತ್ತು, ಅದೂ ಜಾರಿಯಾಗಲಿಲ್ಲ. ದಸಾಟಿನಿಬ್‌ನ ಮೂಲ ಪೇಟೆಂಟ್ ಮುಗಿದದ್ದು 2020ರಲ್ಲಿ.

ಬಗ್ಗದ ಕೋಶಕ್ಕೆ ದೇಹವನ್ನು ತುಂಬಿಕೊಳ್ಳಲು ತಿಂಗಳುಗಳು ಸಾಕು. ನಮ್ಮ ಕಾನೂನಿನ ಗಡಿಯಾರ 20 ವರ್ಷದ್ದು. ಈ ಎರಡರ ನಡುವಿನ ಅಂತರದಲ್ಲಿ ಸಿಕ್ಕಿಕೊಂಡಿರುವವರು ಮೊದಲ ಮಾತ್ರೆ ಸೋತ ರೋಗಿಗಳು. ಅವರ ಜೀನ್‌ನಲ್ಲಿ ಯಾವ ಅಕ್ಷರ ಬದಲಾಗಿದೆ ಎಂಬುದರ ಮೇಲೆ ಅವರಿಗೆ ಬೇಕಾದ ಮದ್ದು ಯಾವುದು, ಅದಕ್ಕೆ ಪೇಟೆಂಟ್ ಇದೆಯೋ ಇಲ್ಲವೋ, ಕೊನೆಗೆ ಅವರು ಬದುಕುತ್ತಾರೋ ಇಲ್ಲವೋ ಎಂಬುದು ನಿಂತಿದೆ.

ಹಾಗಾದರೆ ಏನು ಕೇಳಬೇಕು?

ಮೊದಲನೆಯದು, ಪರೀಕ್ಷೆ. ಸಿಎಂಎಲ್ ರೋಗಿಯ ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟು ಉಳಿದಿದೆ ಅಂತ ಮೂರು ತಿಂಗಳಿಗೊಮ್ಮೆ ಪಿಸಿಆರ್ ಪರೀಕ್ಷೆ ಮಾಡಬೇಕು. ಅದು ಇಳಿಯದಿದ್ದರೆ, ಇಳಿದು ಮತ್ತೆ ಏರಿದರೆ, ಯಾವ ಮ್ಯುಟೇಶನ್ ಎಂದು ಓದಬೇಕು. ಟಿ315ಐ ಇರುವವರಿಗೆ ದಸಾಟಿನಿಬ್ ಕೊಟ್ಟರೆ ಹಣವೂ ಹಾಳು, ಸಮಯವೂ ಹಾಳು. ಮದ್ದು ಉಚಿತವಾಗಿ ಸಿಕ್ಕರೂ ಪರೀಕ್ಷೆಗೆ ಕೈಯಿಂದ ಹಣ ಹಾಕಬೇಕಾದರೆ, ಅದಕ್ಕಾಗಿ ಯಾದಗಿರಿಯಿಂದಲೋ ರಾಯಚೂರಿನಿಂದಲೋ ಕೂಲಿ ಬಿಟ್ಟು ದೂರದ ನಗರಕ್ಕೆ ಬರಬೇಕಾದರೆ, ಜನ ಪರೀಕ್ಷೆಯನ್ನೇ ಬಿಡುತ್ತಾರೆ. ಸರ್ಕಾರಿ ವಿಮಾ ಯೋಜನೆಗಳ ಬಗ್ಗೆ ಮಾತಾಡುವಾಗ ಮದ್ದಿನ ಪಟ್ಟಿಯ ಜೊತೆಗೆ ಪರೀಕ್ಷೆಯ ಪಟ್ಟಿಯನ್ನೂ ಕೇಳಬೇಕು.

ಎರಡನೆಯದು, ತಪ್ಪದ ಸರಬರಾಜು. ಇಮ್ಯಾಟಿನಿಬ್ ದಿನವೂ ನುಂಗಬೇಕಾದ ಮಾತ್ರೆ. ಆಸ್ಪತ್ರೆಯಲ್ಲಿ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಅಂದ ವಾರವೂ ಕ್ಯಾನ್ಸರ್ ಕೋಶಗಳು ಎರಡಾಗುತ್ತವೆ, ಪ್ರತಿ ವಿಭಜನೆಯೂ ಹೊಸ ತಪ್ಪಿಗೆ ಇನ್ನೊಂದು ಅವಕಾಶ. ಈ ಲೇಖನ ಓದುತ್ತಿರುವವರ ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಹಲವು ವರ್ಷ ಕಾಯಿಲೆ ಪೂರ್ತಿ ಹತೋಟಿಯಲ್ಲಿರುವ ಕೆಲವರು ಮದ್ದು ನಿಲ್ಲಿಸಬಹುದು, ಆದರೆ ಅದು ನಿರಂತರ ಪರೀಕ್ಷೆಯ ಕಾವಲಿನಲ್ಲಿ ಮಾತ್ರ.

ಮೂರನೆಯದು, ಸಾಲಿನಲ್ಲಿರುವ ಎಲ್ಲ ಮದ್ದುಗಳ ಬೆಲೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇಮ್ಯಾಟಿನಿಬ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2017ರಲ್ಲಿ ದಸಾಟಿನಿಬ್, ನಿಲೋಟಿನಿಬ್ ಕೂಡ ಸೇರಿದವು. ಅಂದ್ರೆ ಎರಡನೇ ಮಾತ್ರೆಯೂ ಅಗತ್ಯವೇ ಎಂಬುದು ಈಗ ಜಗತ್ತು ಒಪ್ಪಿದ ಮಾತು. ನಮ್ಮಲ್ಲಿ 2019ರಲ್ಲಿ 42 ಕ್ಯಾನ್ಸರ್ ಮದ್ದುಗಳ ಮೇಲಿನ ವ್ಯಾಪಾರಿ ಲಾಭಕ್ಕೆ ಶೇ. 30ರ ಮಿತಿ ಹಾಕಿದರು. 2024ರ ಜುಲೈ ಬಜೆಟ್‌ನಲ್ಲಿ ಓಸಿಮರ್ಟಿನಿಬ್ ಸೇರಿ ಮೂರು ಮದ್ದುಗಳಿಗೆ ಕಸ್ಟಮ್ಸ್ ಸುಂಕ ತೆಗೆದರು. ಇವು ಒಳ್ಳೆಯ ಹೆಜ್ಜೆಗಳೇ. ಆದರೆ ಪೇಟೆಂಟ್ ಇರುವ ಮದ್ದಿನ ಮೂಲ ಬೆಲೆಯನ್ನು ಇವು ಮುಟ್ಟುವುದಿಲ್ಲ. ಮುಟ್ಟಬಲ್ಲ ಕಡ್ಡಾಯ ಪರವಾನಗಿಯನ್ನು 2012ರ ಆ ಒಂದು ಸಲ ಬಿಟ್ಟರೆ ನಾವು ಬಳಸಿಯೇ ಇಲ್ಲ.

ನಾಲ್ಕನೆಯದು, ಸಂಶೋಧನೆ. ಒಂದು ಮದ್ದಿಗೆ ಬಗ್ಗದ ಕೋಶ ನೂರು ಕೋಟಿಗೆ ಒಂದಾದರೆ, ಬೇರೆಬೇರೆ ರೀತಿ ಕೆಲಸ ಮಾಡುವ ಎರಡು ಮದ್ದಿಗೂ ಒಟ್ಟಿಗೆ ಬಗ್ಗದ ಕೋಶ ತೀರಾ ಅಪರೂಪ. ಕ್ಷಯಕ್ಕೆ, ಎಚ್‌ಐವಿಗೆ ಒಮ್ಮೆಗೇ ಹಲವು ಮದ್ದು ಕೊಡುವುದು ಇದೇ ಲೆಕ್ಕದ ಮೇಲೆ. ಕ್ಯಾನ್ಸರ್‌ನಲ್ಲೂ ಈ ದಿಕ್ಕಿನಲ್ಲಿ ಕೆಲಸ ನಡೆಯುತ್ತಿದೆ. ಆದರೆ ಒಂದೊಂದು ಮದ್ದೂ ಒಂದೊಂದು ಕಂಪನಿಯ ಪೇಟೆಂಟ್‌ನಲ್ಲಿದ್ದರೆ, ಎರಡನ್ನು ಸೇರಿಸಿ ಪರೀಕ್ಷೆ ಮಾಡುವ ಆಸಕ್ತಿ ಯಾರಿಗೆ? ಸಾರ್ವಜನಿಕ ಹಣದ ಸಂಶೋಧನೆ ಇಲ್ಲಿ ಬೇಕು. ನಮ್ಮ ಜನರ ಕ್ಯಾನ್ಸರ್‌ಗಳ ಜೀನ್ ಓದುವ ಕೆಲಸವೂ ಬೇಕು. ಪಶ್ಚಿಮ ಬಂಗಾಳದ ಕಲ್ಯಾಣಿ ಮತ್ತು ಮುಂಬೈನ ಸರ್ಕಾರಿ ಸಂಸ್ಥೆಗಳ ವಿಜ್ಞಾನಿಗಳು ತಂಬಾಕು ಜಗಿಯುವವರ ಬಾಯಿ ಕ್ಯಾನ್ಸರ್‌ನ ಮ್ಯುಟೇಶನ್‌ಗಳನ್ನು ಓದಿ 2013ರಲ್ಲೇ ಪ್ರಕಟಿಸಿದ್ದರು. ಇಂಥ ಕೆಲಸ ಇನ್ನೂ ಹೆಚ್ಚಬೇಕು, ಯಾಕಂದ್ರೆ ಬೇರೆ ದೇಶದ ಕಂಪನಿಗಳು ನಮ್ಮ ಬಾಯಿ ಕ್ಯಾನ್ಸರ್‌ಗೆಂದೇ ಮದ್ದು ಹುಡುಕುತ್ತಾ ಕೂರುವುದಿಲ್ಲ.

ಕ್ಯಾನ್ಸರ್ ಕೋಶಕ್ಕೆ ಯೋಜನೆ ಇಲ್ಲ, ದ್ವೇಷವೂ ಇಲ್ಲ. ಅದು ನಕಲಾಗುತ್ತದೆ, ತಪ್ಪುತ್ತದೆ, ಉಳಿದದ್ದು ಬೆಳೆಯುತ್ತದೆ. ಅದನ್ನು ಎದುರಿಸಲು ನಮಗಾದರೂ ಯೋಜನೆ ಇರಬೇಕಲ್ಲ? ಇನ್ನು ಮುಂದೆ ಯಾವ ಸಚಿವರಾದರೂ ಕ್ಯಾನ್ಸರ್ ಮದ್ದು ಅಗ್ಗ ಮಾಡಿದೆವು ಎಂದು ಹೇಳಿದಾಗ, ಎಷ್ಟನೇ ಮದ್ದು ಅಂತ ಕೇಳೋಣ. ಮೊದಲನೆಯದು ಸೋತವರಿಗೆ ಏನು ಇಟ್ಟಿದ್ದೀರಿ ಅಂತಲೂ ಕೇಳೋಣ.